ಕೊಬ್ಬರಿ ಎಣ್ಣೆಯನ್ನು ತಲೆಗೆ ಮಾತ್ರ ಸೀಮಿತಗೊಳಿಸುವ ಬಗ್ಗೆ

ಇಂದ:
ಮೇದಿನಿ, ಬಿ.ಎ.,
ಕಂಪನಿ ಕಾಲೋನಿ, ಹಜೀರಾ, ಸೂರತ್

ಗೆ:
ಶ್ರೀ ಪ್ರಶಾಂತ್ ಅವರು,
ಹಿರಿಯ ಎಂಜಿನಿಯರ್, ಯಂತ್ರ ನಿರ್ವಹಣೆ ಮತ್ತು ಕೀಲೆಣ್ಣೆ ವಿಭಾಗ,
ಹಾಗೂ ಅರ್ಜಿದಾರಳ ಗಂಡ,
ಅದೇ ವಿಳಾಸ, ಅದೇ ಮಂಚ

ವಿಷಯ: ದಾಂಪತ್ಯ ಕಾರ್ಯದಲ್ಲಿ ಜೆಲ್ ಬಳಸಲು ಮಂಜೂರಾತಿ ಕೋರಿ.

ಉಲ್ಲೇಖ: ಕಳೆದ ಭಾನುವಾರ ತಿಂಡಿಯ ಹೊತ್ತಿನಲ್ಲಿ ತಾವು ನೀಡಿದ ಮೌಖಿಕ ಆದೇಶ: "ಬಾಯಲ್ಲಿ ಹೇಳೋಕೆ ನಾಚಿಕೆ ಆದ್ರೆ ಒಂದು ಅರ್ಜಿ ಹಾಕ್ಕೊಳ್ಳೇ."

ಮಾನ್ಯರೇ,

ಮೇಲ್ಕಂಡ ಆದೇಶವನ್ನು ತಾವು ತಮಾಷೆಗೆ ಹೊರಡಿಸಿದ್ದರೂ ಅರ್ಜಿದಾರಳು ಅದನ್ನು ಪಾಲಿಸಿರುತ್ತಾಳೆ. ಈ ಅರ್ಜಿಯನ್ನು ತಮ್ಮ ಊಟದ ಚೀಲದಲ್ಲಿ ಇಡಲಾಗಿದ್ದು, ಕ್ಯಾಂಟೀನಿನಲ್ಲಿ ಗಟ್ಟಿಯಾಗಿ ಓದಬಾರದೆಂದು ವಿನಂತಿ.

1. ಅರ್ಜಿದಾರಳದು ಮೊದಲಿನಿಂದಲೂ ಕಡಿಮೆ ಮಾತು. ಕಾಲೇಜಿನಲ್ಲಿ ಹಾಜರಿ ಕೂಗಿದಾಗ ಆಕೆಯ 'ಪ್ರೆಸೆಂಟ್' ಮುಂದಿನ ಬೆಂಚಿನವರೆಗೂ ಮುಟ್ಟುತ್ತಿರಲಿಲ್ಲ. ಇಂಥವಳು ಮದುವೆಯಾಗಿ ಬಂದ ಮೇಲೆ, ಹಾಸಿಗೆಯಲ್ಲಿ ಉರಿ, ನೋವು ಉಂಟಾದಾಗ ಹಲ್ಲು ಕಚ್ಚಿ ಸುಮ್ಮನಿದ್ದಳು. ಸದರಿ ಮೌನವನ್ನು ತಾವು ಒಪ್ಪಿಗೆ, ಸಂತೋಷ ಹಾಗೂ ಸಂಸ್ಕಾರ ಎಂದು ಮೂರು ಬಗೆಯಾಗಿ ದಾಖಲಿಸಿಕೊಂಡಿರಿ. ಮುಂದೆ ಆಕೆ ತಲೆನೋವೆಂದು ಮಗ್ಗುಲಾಗತೊಡಗಿದಾಗ, "ನಿಂಗೆ ನಾನು ಇಷ್ಟ ಇಲ್ಲ, ಅಲ್ವಾ?" ಎಂದು ಗೋಡೆಗೆ ಮುಖ ಮಾಡಿ ಮಲಗಿದಿರಿ. ಇಷ್ಟ ಇದೆ. ನೋವೂ ಇದೆ. ಎರಡೂ ಬೇರೆ ಬೇರೆ ಕಡತಗಳು. ತಾವು ಒಂದಕ್ಕೊಂದು ಹೊಲಿದುಬಿಟ್ಟಿದ್ದೀರಿ.

2. ಕೊನೆಗೊಮ್ಮೆ ಅರ್ಜಿದಾರಳು 'ಉರಿ' ಎಂದು ಪಿಸುಗುಟ್ಟಿದಾಗ ತಾವು ಕಂಡುಕೊಂಡ ಪರಿಹಾರವೆಂದರೆ, ಅತ್ತೆಯವರು ತಿಪಟೂರಿನಿಂದ ತಲೆಗೆಂದು ಕಳಿಸಿದ ಗಾಣದ ಕೊಬ್ಬರಿ ಎಣ್ಣೆ. "ಅಮ್ಮ ಕಳ್ಸಿದ್ದು ಕಣೇ, ಕಲಬೆರಕೆ ಇಲ್ಲ" ಎಂದಿರಿ. ಆ ಸಮಯದಲ್ಲಿ ಅಮ್ಮನನ್ನು ನೆನೆದದ್ದರ ಬಗ್ಗೆ ಅರ್ಜಿದಾರಳು ಟಿಪ್ಪಣಿ ಬರೆಯಲು ಇಚ್ಛಿಸುವುದಿಲ್ಲ. ಉರಿ ತುಸು ತಗ್ಗಿತು. ಕಾಂಡೋಮ್ ಹರಿಯಿತು.

3. ಮರುದಿನ ಬೆಳಿಗ್ಗೆ ಗರ್ಭ ತಡೆಯುವ ಮಾತ್ರೆ ತರಲು ಔಷಧಿ ಅಂಗಡಿಗೆ ಹೋದಾಗ, "ಅಲ್ಲಿ ನಮ್ಮ ಪ್ಲಾಂಟಿನವರು ಇರ್ತಾರೆ, ನೀನೇ ಹೋಗು" ಎಂದು ತಾವು ಕಾರಿನಲ್ಲೇ ಕುಳಿತಿರಿ, ಗಾಜನ್ನೂ ಏರಿಸಿದಿರಿ. ಅಂಗಡಿಯವರು "ಬೋಲೋ ಬೆನ್", ಹೇಳಿ ಅಕ್ಕಾ, ಎಂದರು. ಬೆನ್ ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ ಊರ್ಮಿಳಾ ಆಂಟಿಯ ದನಿ: "ಏನಮ್ಮ ಮೇದಿನಿ, ಔಷಧಿ ಅಂಗ್ಡೀಲಿ? ಏನಾದ್ರೂ ವಿಶೇಷವಾ?"

"ಕೆಮ್ಮು ಆಂಟಿ."

"ಹೊಸದ್ರಲ್ಲಿ ಎಲ್ರಿಗೂ ಹಿಂಗೇ ಕೆಮ್ಮು ಬರತ್ತೆ ಬಿಡು" ಎಂದು ಅವರು ಕಣ್ಣು ಮಿಟುಕಿಸಿ, ಸಂಕ್ರಾಂತಿ ಕಾರ್ಯಕ್ರಮಕ್ಕೆ ಹಾಡು ಹೇಳಬೇಕೆಂದು ಒಪ್ಪಿಸಿಯೇ ಬಿಟ್ಟರು. ಅರ್ಜಿದಾರಳು ಕೆಮ್ಮಿನ ಸಿರಪ್ ಹಿಡಿದು ಹೊರಬಂದು, ಬೇರೆ ಅಂಗಡಿಯಲ್ಲಿ ಮಾತ್ರೆ ಕೊಂಡಳು. ಮುಟ್ಟು ಬರುವವರೆಗೆ ಆಕೆ ತಿಂದ ಅನ್ನ ಮೈಗೆ ಹತ್ತಲಿಲ್ಲ. ತಮ್ಮದು ಹತ್ತಿತು ಎಂಬುದನ್ನು ತಮ್ಮ ಪ್ಯಾಂಟಿನ ಗುಂಡಿಗಳು ದೃಢೀಕರಿಸುತ್ತವೆ.

4. ಈ ಕಾರಣ ಅರ್ಜಿದಾರಳು ಅಕ್ಕನ ಮನೆಗೆಂದು ಅಹಮದಾಬಾದಿನ ರೈಲು ಹತ್ತಿ, ಬೋಡಕ್‌ದೇವ್‌ನಲ್ಲಿರುವ ಸ್ತ್ರೀರೋಗ ತಜ್ಞೆ ಡಾ. ಮಹಿಮಾ ಅವರನ್ನು ಕಂಡಳು. ಡಾಕ್ಟರು ಕನ್ನಡಿಗರೇ, ರೈಲ್ವೆಯಲ್ಲಿದ್ದ ತಂದೆಗೆ ವರ್ಗವಾದ್ದರಿಂದ ಗುಜರಾತಿನಲ್ಲೇ ಬೆಳೆದವರು; ಅವರ ಕನ್ನಡ ಕುಂಟುತ್ತದೆ, ಆದರೆ ಹೋಗಬೇಕಾದಲ್ಲಿಗೆ ಹೋಗಿ ಮುಟ್ಟುತ್ತದೆ. "ನೋವು ಆಗ್ತಾ ಇದೆ, ಆದ್ರೂ ಚುಪ್ ಇದ್ದೀಯಾ? ಯಾಕೆ ಬೇಟಾ? ಇದು ಉಪವಾಸ ಅಲ್ಲ, ಪುಣ್ಯ ಬರಲ್ಲ."

ಅವರು ಪರೀಕ್ಷಿಸಿ ತಿಳಿಸಿದ್ದೇನೆಂದರೆ: ಎಣ್ಣೆ ತಾಗಿದರೆ ಲೇಟೆಕ್ಸ್ ಎಂಬ ರಬ್ಬರಿನ ಕಾಂಡೋಮ್ ಬಲಗುಂದಿ ಹರಿಯುತ್ತದೆ, ಕೊಬ್ಬರಿ ಎಣ್ಣೆ, ತುಪ್ಪ, ವ್ಯಾಸಲೀನ್, ಮೈಗೆ ಹಚ್ಚುವ ಲೋಷನ್, ಎಲ್ಲದಕ್ಕೂ ಇದೇ ಮಾತು. ಕಾಂಡೋಮಿನ ಜೊತೆ ಬಳಸಬೇಕಾದ್ದು ನೀರಿನಿಂದ ಮಾಡಿದ ಜೆಲ್. ಸಿಲಿಕೋನಿನದೂ ಆಗುತ್ತದೆ, ಬೇಗ ಒಣಗುವುದಿಲ್ಲ. ಸುವಾಸನೆಯದು, ಬಿಸಿ ಹುಟ್ಟಿಸುವಂಥದು ಬೇಡ, ಉರಿ ಹೆಚ್ಚೀತು. ಮೊದಲು ಮುಂಗೈ ಒಳಭಾಗಕ್ಕೆ ಹಚ್ಚಿ ನೋಡುವುದು. ನಡುವೆ ಒಣಗಿದರೆ ಮತ್ತೆ ಹಚ್ಚಿಕೊಳ್ಳುವುದು, ಕಂಜೂಸಿ ಮಾಡಬಾರದು. ಮುಖ್ಯವಾಗಿ ಆತುರ ಬೇಡ. ಒಣಗಿದೆ ಎಂದರೆ ಪ್ರೀತಿ ಇಲ್ಲ ಎಂದರ್ಥವಲ್ಲ. ಹೆದರಿಕೆಗೂ ಒಣಗುತ್ತದೆ, ಕೆಲವು ಮಾತ್ರೆಗಳಿಗೂ ಒಣಗುತ್ತದೆ. ಇಷ್ಟಾದರೂ ನೋವು ನಿಲ್ಲದಿದ್ದರೆ ಮತ್ತೆ ಬರಬೇಕು, ಸಹಿಸಬಾರದು.

5. ಸದರಿ ಜೆಲ್ಲಿನ ಟ್ಯೂಬನ್ನು ತಂದು ತಮ್ಮ ಮುಂದಿಟ್ಟಾಗ ತಾವು, "ಅಂದ್ರೆ ನಾನು ಸಾಲಲ್ಲ ಅಂತ ತಾನೆ?" ಎಂದು ಅದನ್ನು ಬೀರುವಿನ ಮೇಲೆ, ಅರ್ಜಿದಾರಳ ಕೈಗೆ ಎಟುಕದ ಕಡೆ ಎಸೆದಿರಿ. "ನಮ್ಮಜ್ಜಿಗೆ ಮನೆ ತುಂಬ ಮಕ್ಕಳು. ಯಾವ ಟ್ಯೂಬ್ ಇತ್ತೇ ಅವಳ ಹತ್ರ?" ಎಂದೂ ಕೇಳಿದಿರಿ. ಅಜ್ಜಿಯವರ ಹೇಳಿಕೆಯನ್ನು ಯಾರೂ ಪಡೆದಿರುವುದಿಲ್ಲವಾದ್ದರಿಂದ ಈ ಪೂರ್ವನಿದರ್ಶನವನ್ನು ಪರಿಗಣಿಸಲಾಗದು.

6. ಅದೇ ದಿನ ಮಧ್ಯಾಹ್ನ ಊಟಕ್ಕೆ ಕುಳಿತ ತಾವು ಫೋನಿನಲ್ಲಿ ಗುತ್ತಿಗೆದಾರನನ್ನು ಹೀಗೆ ಬೈದಿರಿ: "ಸೂಖಾ ಬೇರಿಂಗ್ ಚಲಾ ದಿಯಾ? ಮಷೀನ್ ಬೋಲ್ ನಹೀಂ ಸಕ್ತಾ, ಇಸ್ಲಿಯೇ?" ಅಂದರೆ, ಒಣ ಬೇರಿಂಗನ್ನೇ ಓಡಿಸಿದೆಯಾ, ಯಂತ್ರಕ್ಕೆ ಮಾತು ಬರುವುದಿಲ್ಲ ಅಂತಲಾ? ಫೋನಿಟ್ಟು, ಕಂಡ ಕಂಡ ಎಣ್ಣೆ ಸುರಿದರೆ ರಬ್ಬರಿನ ಸೀಲು ಹಾಳಾಗುತ್ತದೆಂಬ ಬುದ್ಧಿ ಬೇಡವೇ ಆ ಮನುಷ್ಯನಿಗೆ ಎಂದು ಅರ್ಜಿದಾರಳನ್ನೇ ಕೇಳಿದಿರಿ. ಅರ್ಜಿದಾರಳು ತಮಗೆ ಸಾರು ಬಡಿಸಿದಳು. ಆಕೆಯ ಮುಖ ಕೆಂಪಾದದ್ದು ಮೆಣಸಿನಿಂದಲ್ಲ.

ಆದ್ದರಿಂದ, ಮೇಲಿನ ಎಲ್ಲ ಕಾರಣಗಳಿಂದ, ತಾವು ಪ್ಲಾಂಟಿನ ಪಂಪಿಗೆ ತೋರಿಸುವ ಕಾಳಜಿಯನ್ನು ಮನೆಯವರೆಗೂ ವಿಸ್ತರಿಸಿ, ಟ್ಯೂಬನ್ನು ಸ್ವಹಸ್ತದಿಂದ ಕೆಳಗಿಳಿಸಿ, ಅದು ಮುಗಿದಾಗ ಕಾರಿನ ಗಾಜು ಏರಿಸಿ ಕೂರದೆ ತಾವೇ ಅಂಗಡಿಗೆ ಹೋಗಿ ತರಬೇಕಾಗಿ ಪ್ರಾರ್ಥನೆ. ಮಂಜೂರಾಗುವವರೆಗೆ ಅರ್ಜಿದಾರಳು ಹಾಸಿಗೆಗೆ ನಿದ್ರೆಯ ಉದ್ದೇಶಕ್ಕಾಗಿ ಮಾತ್ರ ಹಾಜರಾಗುತ್ತಾಳೆ.

ತಮ್ಮಲ್ಲಿ ವಿಶ್ವಾಸವನ್ನು ಇನ್ನೂ ಹಿಂತೆಗೆದುಕೊಳ್ಳದ,
ಮೇದಿನಿ

ಅಡಕ:
ಡಾ. ಮಹಿಮಾ ಅವರ ಚೀಟಿ (ತಮ್ಮನ್ನೂ ಕರೆದುಕೊಂಡು ಬರಲು ಬರೆದಿದ್ದಾರೆ)
ಕೆಮ್ಮಿನ ಸಿರಪ್, ಸೀಲು ಒಡೆಯದ್ದು

ವಿ.ಸೂ.: ಇನ್ನು ಮುಂದೆ ನಡುನಡುವೆ "ನೋಯ್ತಿದೆಯಾ?" ಎಂದು ಕೇಳತಕ್ಕದ್ದು. ಅರ್ಜಿದಾರಳು "ಹೂಂ" ಎನ್ನುವುದನ್ನು ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದಾಳೆ. ದನಿ ಸಣ್ಣದಿರಬಹುದು, ಕಿವಿಗೊಡತಕ್ಕದ್ದು. ಕೇಳಿಬಂದ ಕೂಡಲೇ ನಿಲ್ಲಿಸತಕ್ಕದ್ದು. ಸದರಿ "ಹೂಂ" ವಿರುದ್ಧ ಮೇಲ್ಮನವಿಗೆ ಅವಕಾಶವಿರುವುದಿಲ್ಲ.