ಮಗ್ಗ ಕಲಿತ ಗಿಣಿ

ಪಿಳ್ಳಣ್ಣನ ಗ್ರಹಚಾರ ಶುರುವಾದದ್ದು ಕರೆಂಟು ಹೋದದ್ದರಿಂದ. ದೊಡ್ಡಬಳ್ಳಾಪುರದಲ್ಲಿ ಕರೆಂಟು ಹೋಗುವುದೇನೂ ದೊಡ್ಡ ಸುದ್ದಿಯಲ್ಲ. ಆದರೆ ಅವತ್ತು ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದ ಮೇಲೂ ಪಿಳ್ಳಣ್ಣನ ಮನೆಯಿಂದ ‘ಟಕಟಕ, ಟಕಟಕ’ ಎಂದು ಸದ್ದು ಬರುತ್ತಲೇ ಇತ್ತು.

ಸದ್ದು ಮಾಡುತ್ತಿದ್ದದ್ದು ಗಿಣಿ. ಅದು ಮೊದಲು ದೇವನಹಳ್ಳಿಯಲ್ಲಿ ಸೈಟು ಮಾರುವವನೊಬ್ಬನ ಆಫೀಸಿನಲ್ಲಿತ್ತು. ಬಂದವರಿಗೆಲ್ಲ “ಬನ್ನಿ ಸಾರ್, ಕ್ಲಿಯರ್ ಟೈಟಲ್!” ಎನ್ನುತ್ತಿತ್ತು. ಗಿಣಿ ಸಾಕುವುದು ಅಪರಾಧವೆಂದು ಅರಣ್ಯ ಇಲಾಖೆಯವರು ಅದನ್ನು ಬಿಡಿಸಿಕೊಂಡು ಬಂದರು. ಅದರ ಬಾಯಲ್ಲಿ ಸುಳ್ಳು ಹೇಳಿಸಿದ್ದಕ್ಕೆ ಮಾತ್ರ ಯಾರೂ ಕೇಸು ಹಾಕಲಿಲ್ಲ.

ಇಂಥ ಗಿಣಿಗಳನ್ನು ಮತ್ತೆ ಕಾಡಿಗೆ ಸೇರಿಸುವ ಕೆಲಸ ಪದ್ಮಶ್ರೀ ಎಂಬ ಹುಡುಗಿಯದು. ಮನುಷ್ಯರ ಮಾತು ಮರೆಯದ ಗಿಣಿಯನ್ನು ಬಿಟ್ಟರೆ ಯಾರಾದರೂ ಹಿಡಿದು ಮತ್ತೆ ಮಾರುತ್ತಾರೆ. ಅದಕ್ಕೇ ಆಕೆ ಮನುಷ್ಯರ ಮಾತೇ ಕೇಳಿಸದ ಮನೆಯೊಂದನ್ನು ಹುಡುಕುತ್ತಿದ್ದಳು. ಮಗ್ಗದ ಮನೆಗಿಂತ ಬೇರೆ ಬೇಕೆ? ಅಲ್ಲಿ ಗಂಡ ಹೆಂಡತಿ ಜಗಳವಾಡುವುದೂ ಕೈಸನ್ನೆಯಲ್ಲೇ. ಪೇಪರಿನಲ್ಲಿ ಫೋಟೋ ಬರುತ್ತದೆಂಬ ಆಸೆಗೆ ಪಿಳ್ಳಣ್ಣ ಒಪ್ಪಿಕೊಂಡ. ಫೋಟೋ ಬಂತು, ಗಿಣಿಯದು. ಪಂಜರ ಹಿಡಿದ ಪಿಳ್ಳಣ್ಣನ ಎರಡು ಬೆರಳೂ ಬಂದಿದ್ದವು.

ಗಿಣಿ ಟೈಟಲ್ಲನ್ನು ಪೂರ್ತಿ ಮರೆಯಿತು. ಆದರೆ ಮಗ್ಗವನ್ನು ಕಲಿತುಬಿಟ್ಟಿತು.

ಪಕ್ಕದ ಮನೆಯ ವೆಂಕಟರಮಣಪ್ಪನಿಗೆ ತನ್ನ ಮಗ್ಗ ನಿಂತದ್ದಕ್ಕಿಂತ ಪಿಳ್ಳಣ್ಣನ ಮಗ್ಗ ನಿಲ್ಲದಿದ್ದದ್ದು ಹೊಟ್ಟೆ ಉರಿಸಿತು. ಹೋಗಿ ಲೈನ್‌ಮನ್ ವಸಂತನನ್ನೇ ಕರೆತಂದ. ಹಿಂದೆಯೇ ಅರ್ಧ ಬೀದಿ ಬಂತು.

“ಕೇಳು ವಸಂತ, ನೀನೇ ಕೇಳು! ಹಿಂದಿನ ಬೀದೀಲಿ ಕರೆಂಟ್ ಐತೆ, ಅಲ್ಲಿನ ನೀರಿನ ಮೋಟರ್ ಲೈನಿಗೆ ಕೊಕ್ಕೆ ಹಾಕಿ ಕದೀತಾವ್ನೆ.”

ಇವರು ಒಳಗೆ ಕಾಲಿಟ್ಟದ್ದೇ ತಡ, ಗಿಣಿ ಗಪ್‌ಚಿಪ್ಪಾಯಿತು.

ವಸಂತ ಮಗ್ಗದ ಮೋಟರು ಮುಟ್ಟಿ ನೋಡಿದ. “ಬಿಸಿ ಐತಲ್ಲಣ್ಣ?”

“ಈ ಬಿಸಿಲಲ್ಲಿ ನನ್ನ ತಲೇನೂ ಬಿಸಿ ಐತಪ್ಪ, ಮುಟ್ಟಿ ನೋಡು! ಸದ್ದು ಮಾಡಿದ್ದು ಗಿಣಿ ಕಣೋ.”

“ಗಿಣಿ ಸೀರೆ ನೇಯ್ತಿತ್ತಾ?” ಎಂದ ವೆಂಕಟರಮಣಪ್ಪ. ಎಲ್ಲರೂ ನಕ್ಕರು.

ವಸಂತ ಫ್ಯೂಸು ಕಿತ್ತು ಕೈಯಲ್ಲಿ ಹಿಡಿದುಕೊಂಡ. “ಆಫೀಸಿಗೆ ಬಂದು ಮಾತಾಡಿ ಅಣ್ಣ. ನನ್ನ ಕೈಲೇನಿಲ್ಲ.”

ಪಿಳ್ಳಣ್ಣ ಅವನ ದಾರಿಗೆ ಅಡ್ಡ ನಿಂತ. ಲಗ್ನದ ಕಾಲ. ಮಗ್ಗ ನಿಂತರೆ ಸೀರೆ ವ್ಯಾಪಾರಿ ನೂಲನ್ನು ಬೇರೆ ಮನೆಗೆ ಸಾಗಿಸುತ್ತಾನೆ. ಆಮೇಲೆ ಪಿಳ್ಳಣ್ಣ ಕೂಲಿಗೆ ಹೋಗಬೇಕಾದದ್ದು ಇದೇ ವೆಂಕಟರಮಣಪ್ಪನ ಮನೆಗೆ. ಗಿಣಿಯ ಜೊತೆ ಮಾತಾಡಬಾರದೆಂದು ಪದ್ಮಶ್ರೀ ಹಾಕಿದ್ದ ನೇಮ ಗಾಳಿಗೆ ಹೋಯಿತು.

“ಗಿಣಿಯಮ್ಮಾ, ನನ್ನ ತಾಯಿ, ಒಂದ್ಸಲ ಟಕಟಕ ಅನ್ನು!”

ಗಿಣಿ ಕತ್ತು ಓರೆ ಮಾಡಿ ನೋಡಿತು. ಪಿಳ್ಳಣ್ಣನ ಹೆಂಡತಿ ಭಾಗ್ಯಮ್ಮ ಸೀಬೆಹಣ್ಣು ತೋರಿಸಿದಳು. ಗಿಣಿ ಹಣ್ಣು ತಿಂದಿತು, ಬಾಯಿ ಮಾತ್ರ ಬಿಡಲಿಲ್ಲ.

“ನೀವೇ ಮಾಡಿ ತೋರಿಸ್ರೀ. ಆಗ್ಲಾದ್ರೂ ಅದಕ್ಕೆ ನೆಪ್ಪಾದೀತು,” ಎಂದಳು.

ಪಿಳ್ಳಣ್ಣ ಮಾನ ಮರ್ಯಾದೆ ಬದಿಗಿಟ್ಟು ಪಂಜರದ ಮುಂದೆ ನಿಂತ. ಎರಡು ಕೈಯನ್ನೂ ಲಾಳಿಯಂತೆ ಅತ್ತಿತ್ತ ಆಡಿಸುತ್ತಾ “ಟಕಟಕ, ಟಕಟಕ” ಎಂದು ಕುಣಿದ. ಮಕ್ಕಳು ಕೇಕೆ ಹಾಕಿದರು. ಯಾರೋ ಮೊಬೈಲಿನಲ್ಲಿ ಹಿಡಿದುಕೊಂಡರು. ಫೋಟೋದಲ್ಲಿ ಬರಬೇಕೆಂಬ ಆಸೆ ಹೀಗೆ ಈಡೇರಿತು.

ಗಿಣಿಗೆ ಇಂಥ ಕೆಟ್ಟ ನೇಯ್ಗೆ ಸಹಿಸಲಾಗಲಿಲ್ಲವೋ ಏನೋ. ರೆಕ್ಕೆ ಕೊಡವಿ ‘ಟಕಟಕ, ಟಕಟಕ’ ಎಂದು ಶುರುಮಾಡಿತು. ಎಳೆ ಕಡಿದಾಗ ಮಗ್ಗ ತಟಕ್ಕನೆ ನಿಲ್ಲುವುದನ್ನೂ, ಗಂಟು ಹಾಕಿದ ಮೇಲೆ ಮತ್ತೆ ಹೊರಡುವುದನ್ನೂ ಬಿಡದೆ ಒಪ್ಪಿಸಿತು. ಬೀದಿಗೆ ಬೀದಿಯೇ ಬೆಪ್ಪಾಯಿತು.

“ತಪ್ಪಾಯ್ತು ಅಣ್ಣ, ಗಿಣೀನೇ!” ಎಂದು ವಸಂತ ಫ್ಯೂಸು ಹಾಕಲು ಹೊರಟ. ವೆಂಕಟರಮಣಪ್ಪ ಚಪ್ಪಲಿ ಹುಡುಕತೊಡಗಿದ. ಪಿಳ್ಳಣ್ಣನಿಗೆ ಹೋದ ಜೀವ ಬಂದಂತಾಯಿತು.

“ಒಂದ್ನಿಮಿಷ,” ಎಂಬ ದನಿ ಬಾಗಿಲಿನಿಂದ ಬಂತು. ಪದ್ಮಶ್ರೀ ನಿಂತಿದ್ದಳು. ಗಿಣಿಯನ್ನು ಪರೀಕ್ಷಿಸಿ ಮಾಕಳಿದುರ್ಗದ ಕಾಡಿನ ಕಡೆ ಬಿಡಲೆಂದೇ ಅವತ್ತು ಬಂದಿದ್ದಳು. ಆಕೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

“ಇದನ್ನ ಬಿಡೋಕಾಗಲ್ಲ ಪಿಳ್ಳಣ್ಣ. ಮಗ್ಗದ ಸದ್ದು ಕೇಳಿದ ಕಡೆಗೆಲ್ಲ ಹಾರಿ ಬಂದ್ಬಿಡುತ್ತೆ. ಈ ಊರಲ್ಲಿ ಮಗ್ಗ ಇಲ್ದಿರೋ ಬೀದಿ ಯಾವುದಿದೆ ಹೇಳಿ? ಇದನ್ನೂ ಮರೀಬೇಕು.”

“ಬ್ಯಾರೆ ಮನೇಲಿ ಬಿಡಿ ಮೇಡಂ, ನಿಮಗೆ ಕೈ ಮುಗೀತೀನಿ.”

“ನಿಮಗೆ ಒಗ್ಗಿಕೊಂಡಿದೆ. ಈಗ ಜಾಗ ಬದಲಾಯಿಸಿದ್ರೆ ಊಟ ಬಿಟ್ಟು ಸತ್ತೇಹೋಗುತ್ತೆ. ಇಲಾಖೆಯವರು ಒಪ್ಸಿರೋದೂ ನಿಮಗೇ.”

“ಮತ್ತೆ ಮರೆಸೋದು ಹೆಂಗೆ?”

“ಏನಿಲ್ಲ. ಅದು ಮರೆಯೋವರೆಗೆ ಮಗ್ಗ ಓಡಿಸ್ಬೇಡಿ.”

ವೆಂಕಟರಮಣಪ್ಪ ಮೆಟ್ಟಿದ ಚಪ್ಪಲಿಯನ್ನು ಮತ್ತೆ ಬಿಟ್ಟು ಒಳಗೆ ಬಂದ. “ಯೋಚ್ನೆ ಮಾಡ್ಬೇಡ ಪಿಳ್ಳಣ್ಣ. ನಮ್ಮನೇಲಿ ಒಂದು ಮಗ್ಗಕ್ಕೆ ಆಳು ಬೇಕು,” ಎಂದ.

ಪಿಳ್ಳಣ್ಣ ಬಾಯಿ ತೆರೆದ. ಗಿಣಿಯ ಮುಂದೆ ಮಾತಾಡಬೇಡಿ ಎಂದು ಪದ್ಮಶ್ರೀ ತುಟಿಯ ಮೇಲೆ ಬೆರಳಿಟ್ಟಳು.

ವಸಂತ ಪಿಳ್ಳಣ್ಣನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ:

“ಅಣ್ಣ, ಫ್ಯೂಸು ಹಾಕ್ಲಾ, ತಗೊಂಡೇ ಹೋಗ್ಲಾ?”