ಅಜ್ಜಿಯ ತಂಬಿಗೆ ಮತ್ತು ನನ್ನ ಗಾಡಿಯ ಮುಂದಿನ ಶಾಕಪ್ಪು

ನಮ್ಮ ಕುಷಾಯಿಗೂಡದ ಗಲ್ಲಿಯಲ್ಲಿ ಈ ಘಟನೆಯನ್ನು ಎಲ್ಲರೂ ಒಂದೇ ವಾಕ್ಯದಲ್ಲಿ ಮುಗಿಸುತ್ತಾರೆ: "ರೂಪಾ ಹೊಟ್ಟೆಕಿಚ್ಚಿಗೆ ಚಲೋ ಗಾಡಿ ಕೆಡಿಸಿಕೊಂಡು, ದೇವರ ಹಾಲು ತಲಿ ಮ್ಯಾಲ ಸುರುವಿಕೊಂಡಳು." ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗೆ ಹೋಗಿ, ಎದುರಾಳಿಗಳ ವಾಕ್ಯಗಳನ್ನು ನಟ್ಟು ಬೋಲ್ಟು ಸಮೇತ ಬಿಚ್ಚಿಹಾಕಿ ಕಪ್ ಗೆದ್ದವಳು ನಾನು. ಈ ವಾಕ್ಯವನ್ನು ಹಾಗೇ ಹೋಗಲು ಬಿಡಲಾರೆ. ಇದರಲ್ಲಿ ಎರಡು ತಪ್ಪುಗಳಿವೆ. ನನಗಿದ್ದದ್ದು ಹೊಟ್ಟೆಕಿಚ್ಚಲ್ಲ, ತಾಂತ್ರಿಕ ಆಸಕ್ತಿ. ಹಾಲನ್ನು ನಾನು ಸುರುವಿಕೊಳ್ಳಲಿಲ್ಲ, ಅದಾಗಿಯೇ ಸುರಿಯಿತು. ಗಾಡಿ ಕೆಟ್ಟದ್ದು ಮಾತ್ರ ನಿಜ. ಅಷ್ಟನ್ನು ಸಭೆಯ ಮುಂದೆ ದೊಡ್ಡ ಮನಸ್ಸಿನಿಂದ ಒಪ್ಪಿಕೊಳ್ಳುತ್ತೇನೆ.

ಅಜ್ಜಿ ಪ್ರತಿ ಸೋಮವಾರ ಬೆಳಿಗ್ಗೆ ಈಶ್ವರನ ಗುಡಿಗೆ ಹಾಲು ಒಯ್ಯುತ್ತಾಳೆ. ಅಪ್ಪನ ನೌಕರಿಯ ಬೆನ್ನು ಹತ್ತಿ ಬಾಗಲಕೋಟೆ ಕಡೆಯಿಂದ ಈ ತೆಲುಗು ಊರಿಗೆ ಬಂದು ಎಷ್ಟೋ ವರ್ಷವಾದರೂ ಅಜ್ಜಿಯ ಹಾಲಿನ ಕಾನೂನು ಇನ್ನೂ ಊರಿನದೇ. ಪ್ಲಾಸ್ಟಿಕ್ ಆಗದು. ತಿರುಗಿಸಿ ಹಾಕುವ ಮುಚ್ಚಳವೂ ಆಗದು. "ಬಾಯಿ ಬಿಗಿದ ಹಾಲು ಶಿವಗ ನಡ್ಯಂಗಿಲ್ಲವಾ" ಅನ್ನುತ್ತಾಳೆ. ಸ್ಟೀಲಿನ ತಂಬಿಗೆ, ಅದರ ಬಾಯಿಗೆ ಒಂದು ತುಂಡು ಬಾಳೆ ಎಲೆ, ಎಲೆಯ ಮೇಲೆ ಬಿಲ್ವಪತ್ರಿ, ಎಲ್ಲದರ ಮೇಲೆ ಅಜ್ಜಿಯ ಅಂಗೈ. ತಂಬಿಗೆಯ ಕಂಠದಲ್ಲಿ ಒಂದು ಗೆರೆ ಇದೆ. ಹಾಲು ಆ ಗೆರೆತನಕ. ಗುಡಿ ಮುಟ್ಟಿದ ಮೇಲೆ ಹಾಲು ಗೆರೆಯಿಂದ ಎಷ್ಟು ಕೆಳಗಿಳಿದಿದೆ ಎಂದು ನೋಡಿ ಅಜ್ಜಿ ತೀರ್ಪು ಕೊಡುತ್ತಾಳೆ. ಮೇಲ್ಮನವಿಗೆ ಅವಕಾಶವಿಲ್ಲ.

ಮೂರು ವರ್ಷ ಆ ತಂಬಿಗೆ ಹೋದದ್ದು ನನ್ನ ಬೈಕಿನ ಮೇಲೆ. ಸನತ್‌ನಗರದ ಒಂದು ಸಣ್ಣ ಕಾರ್ಖಾನೆಯಲ್ಲಿ ಬಿಡಿಭಾಗಗಳ ಅಳತೆ ಪರೀಕ್ಷೆ ಮಾಡುವ ಕೆಲಸ ನನ್ನದು. ಡ್ಯೂಟಿಗೆ ಮುಂಚೆ ಅಜ್ಜಿಯನ್ನು ಗುಡಿಗೆ ಬಿಟ್ಟು, ಕಾದು, ಮನೆಗೆ ತಂದು ಬಿಡುತ್ತಿದ್ದೆ. ದಾರಿಯುದ್ದಕ್ಕೂ ಅಜ್ಜಿಗೆ ಬೇಸರವಾಗದಿರಲಿ ಎಂದು ಹಾಲು, ದೇವರು, ವಿಜ್ಞಾನ ಮುಂತಾದ ವಿಷಯಗಳ ಮೇಲೆ ವಿಚಾರವಿನಿಮಯ ನಡೆಸುತ್ತಿದ್ದೆ. ಅಜ್ಜಿ ನನ್ನ ಹೆಗಲ ಮೇಲೆ ಕೈ ಇಟ್ಟುಕೊಂಡು ಕೂತಿರುತ್ತಿದ್ದಳು. ಆ ಕೈಯ ತೂಕ ಇಲ್ಲದಿದ್ದರೆ ನನಗೆ ಸೋಮವಾರ ಆರಂಭವಾದಂತೆಯೇ ಅನಿಸುತ್ತಿರಲಿಲ್ಲ.

ಆಮೇಲೆ ಬಸ್ಯಾ ಬಂದ.

ಬಸ್ಯಾ ಅಂದರೆ ಬಸವರಾಜ, ಚಿಕ್ಕಪ್ಪನ ಮಗ. ನಮ್ಮ ಕೆಳಗಿನ ಮನೆಯಲ್ಲಿ ಇರುವವನು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು, ಅದರಲ್ಲೂ ಏಳು "ಹೂಂ". ಅವನು ಒಂದು ದಿನ ತನ್ನ ಬೈಕನ್ನು ತೊಳೆದು ಗೇಟಿನ ಮುಂದೆ ನಿಲ್ಲಿಸಿದ. ಮುಂದಿನ ಶಾಕಪ್ಪಿನ, ಅಂದರೆ ಶಾಕ್ ಅಬ್ಸಾರ್ಬರಿನ, ಎರಡೂ ಕೊಳವೆಗಳು ಬಂಗಾರದ ಬಣ್ಣದಲ್ಲಿ ಮದುವೆಮನೆಯ ಬಳೆಗಳಂತೆ ಹೊಳೆಯುತ್ತಿದ್ದವು. ಮುಂದಿನ ಸೋಮವಾರ ನನಗೆ ಜ್ವರ. ಅಜ್ಜಿ ಅವನ ಗಾಡಿಯಲ್ಲಿ ಹೋದಳು. ವಾಪಸ್ ಬಂದವಳು ನನ್ನ ಹಾಸಿಗೆಯ ಪಕ್ಕ ನಿಂತು, ನನ್ನ ಹಣೆ ಮುಟ್ಟಿ ನೋಡುವ ಮೊದಲೇ ಹೇಳಿದಳು: "ಏನ್ ಗಾಡಿವಾ ಅದು! ತೊಟ್ಟಿಲದಾಗ ಕುಂತಂಗ ಆತು. ಹಾಲು ಗೆರಿ ಬಿಟ್ಟು ಇಳೀಲೇ ಇಲ್ಲ!"

ಜ್ವರ ಎರಡು ದಿನಕ್ಕೆ ಇಳಿಯಿತು. ಅಜ್ಜಿ ನನ್ನ ಗಾಡಿಗೆ ಮರಳಲಿಲ್ಲ.

ಆಮೇಲಿನ ಸೋಮವಾರಗಳಲ್ಲಿ ನಾನು ಮಾಳಿಗೆಯಿಂದ ನೋಡುತ್ತಿದ್ದೆ. ಅಜ್ಜಿ ಬಸ್ಯಾನ ಹಿಂದೆ ಅಡ್ಡ ಕೂತು, ಸೆರಗು ಸರಿಮಾಡಿಕೊಂಡು, ಅವನ ಹೆಗಲ ಮೇಲೆ ಕೈ ಇಡುವಳು. ಅವನ ಹೆಗಲು ನನ್ನ ಹೆಗಲಿಗಿಂತ ಅಂಥದ್ದೇನು ಅಗಲ? ನಾನು ಅಳೆದಿಲ್ಲ. ಅಳೆಯುವ ಆಸೆಯಿತ್ತು.

ಒಂದು ಸಂಜೆ ಅವನನ್ನೇ ಕೇಳಿದೆ, "ಬಸ್ಯಾ, ಶಾಕಪ್ಪಿನಾಗ ಏನ್ ಹಾಕ್ಸೀದಿ?"

"ಏನಿಲ್ಲಕ್ಕಾ. ಬಣ್ಣ."

"ಒಳಗ?"

"ಒಳಗೇನಿಲ್ಲ."

ನಾನು ನಂಬಲಿಲ್ಲ. ಚರ್ಚೆಯಲ್ಲಿ ಪಳಗಿದವರಿಗೆ ಇದೊಂದು ಶಾಪ, ಉತ್ತರ ಸುಲಭವಾಗಿದ್ದರೆ ಅದರ ಹಿಂದೆ ಏನೋ ಅಡಗಿದೆ ಅನಿಸುತ್ತದೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಾರ್ಖಾನೆಯಲ್ಲಿ ಅಳತೆಗೆ ಬಳಸುವ ವರ್ನಿಯರ್ ಹಿಡಿದು ಅವನ ಗಾಡಿಯ ಮುಂದೆ ಮೊಣಕಾಲೂರಿ ಕೂತೆ. ಆಗಲೇ ಚಿಕ್ಕಮ್ಮ ರಂಗೋಲಿ ಹಾಕಲು ಹೊರಗೆ ಬರಬೇಕೆ!

"ಏನ್ ಮಾಡಾಕತ್ತಿ ರೂಪಾ, ಬಸ್ಯಾನ ಗಾಡಿಗೆ ನಮಸ್ಕಾರ ಮಾಡಾಕತ್ತೇನು?"

"ಇಲ್ಲ ಚಿಕ್ಕಮ್ಮ, ನನ್ನ... ಕಿವಿಯೋಲೆ ಬಿದ್ದೈತಿ."

"ಎರಡೂ ಕಿವ್ಯಾಗ ಅದಾವಲ್ಲ!"

ಚಿಕ್ಕಮ್ಮ ಈ ಸುದ್ದಿಯನ್ನು ಹಾಲಿನವನಿಗೆ ಹೇಳಿದಳು, ಹಾಲಿನವನು ಎದುರು ಮನೆಗೆ ಹೇಳಿದ. 'ಹೊಟ್ಟೆಕಿಚ್ಚು' ಎಂಬ ಶಬ್ದ ನಮ್ಮ ಗಲ್ಲಿಯಲ್ಲಿ ಚಲಾವಣೆಗೆ ಬಂದದ್ದು ಅವತ್ತೇ. ಸಾಕ್ಷಿ ದುರ್ಬಲ ಎಂಬುದನ್ನು ದಾಖಲಿಸಬಯಸುತ್ತೇನೆ.

ಇನ್ನು ನನ್ನ ಗಾಡಿಯ ಮುಂದಿನ ಶಾಕಪ್ಪನ್ನು ಉನ್ನತ ದರ್ಜೆಗೆ ಏರಿಸದೆ ಬೇರೆ ದಾರಿ ಇರಲಿಲ್ಲ. ಒಂದು ವಾರ ರಾಶಿ ರಾಶಿ ವಿಡಿಯೋ ನೋಡಿದೆ. ಮುಂದಿನ ಶಾಕಪ್ಪಿನ ಒಳಗೆ ಒಂದು ಸ್ಪ್ರಿಂಗು, ಅದರ ಸುತ್ತ ಆಯಿಲ್. ಸ್ಪ್ರಿಂಗು ಗುಂಡಿಯ ಹೊಡೆತ ಹೊರುತ್ತದೆ, ಆಯಿಲ್ ಗಾಡಿ ಕುಣಿಯದಂತೆ ತಡೆಯುತ್ತದೆ. ಇಷ್ಟು ತಿಳಿದ ಮೇಲೆ ತಿಳಿಯುವುದು ಇನ್ನೇನು ಉಳಿದಿದೆ? ಗಟ್ಟಿ ಸ್ಪ್ರಿಂಗು ತರಿಸಿ, ದಪ್ಪ ಆಯಿಲಿನ ಡಬ್ಬಿ ಹಿಡಿದು, ರವಿವಾರ ಬಾಲಾನಗರದ ಮೆಕ್ಯಾನಿಕ್ ಯಾದಗಿರಿಯ ಶೆಡ್ಡಿಗೆ ಹೋದೆ.

ಯಾದಗಿರಿ ಮೂವತ್ತು ವರ್ಷದಿಂದ ಗಾಡಿ ಬಿಚ್ಚುತ್ತಿರುವ ಮನುಷ್ಯ. ನನ್ನ ಸಾಮಾನು ನೋಡಿದ, ಗಾಡಿ ನೋಡಿದ, ಅಜ್ಜಿಯ ಹಾಲಿನ ಕತೆ ಪೂರ್ತಿ ಕೇಳಿಸಿಕೊಂಡ, ತೆಲುಗಿನಲ್ಲಿ ಶಾಂತವಾಗಿ ಕೇಳಿದ, "ಮೇಡಂ, ಅಜ್ಜಿ ಕೂರುವುದು ಎಲ್ಲಿ?"

"ಹಿಂದೆ."

"ಮತ್ತೆ ಮುಂದಿನ ಶಾಕಪ್ಪು ಯಾಕೆ ಬಿಚ್ಚಬೇಕು? ಹಿಂದಿನವು ಸತ್ತಿವೆ, ಅವನ್ನು ಬದಲಿಸೋಣ. ಈ ಆಯಿಲ್ ಭಾಳ ದಪ್ಪ. ಇಷ್ಟು ಗಟ್ಟಿ ಸ್ಪ್ರಿಂಗಿಗೆ ಇದನ್ನು ಹಾಕಿದರೆ ಶಾಕಪ್ಪು ಹಾರೆಕೋಲು ಆಗುತ್ತದೆ."

ಎದುರಾಳಿ ಮೂರು ಅಂಶ ಮಂಡಿಸಿದ್ದ. ನನ್ನ ರಕ್ತ ಬಿಸಿಯಾಯಿತು. ನಾನು ಡಬ್ಬಿಯನ್ನು ಬೆಂಚಿನ ಮೇಲಿಟ್ಟು ಆರಂಭಿಸಿದೆ. ಗುಂಡಿಗೆ ಮೊದಲು ಇಳಿಯುವುದು ಮುಂದಿನ ಗಾಲಿ, ಹಾಗಾಗಿ ಆಘಾತದ ಮೂಲವೇ ಮುಂದೆ. ಮೂಲವನ್ನು ಸರಿಪಡಿಸಿದರೆ ಪರಿಣಾಮ ತಾನೇ ಸರಿಹೋಗುತ್ತದೆ. ತೆಳು ಆಯಿಲ್ ಸ್ವಲ್ಪ ತಡೆಯುವುದಾದರೆ ದಪ್ಪದ್ದು ಹೆಚ್ಚು ತಡೆಯಲೇಬೇಕು. ಹೆಚ್ಚು ತಡೆದರೆ ಹಾಲು ಕಡಿಮೆ ಚೆಲ್ಲಲೇಬೇಕು. ಅಳತೆಗಿಂತ ಒಂದಿಷ್ಟು ಹೆಚ್ಚೇ ಸುರಿದರೆ ಇನ್ನೂ ಒಳ್ಳೆಯದಲ್ಲವೇ? ಇಪ್ಪತ್ತು ನಿಮಿಷ ಮಾತಾಡಿದೆ. ಚಹಾ ತಂದವನೂ ನಿಂತು ಕೇಳಿದ. ಯಾದಗಿರಿ ಒಮ್ಮೆ ಬಾಯಿ ತೆರೆದ, ನಾನು ಮುಚ್ಚಿಸಿದೆ. ಎರಡನೆಯ ಸಲ ತೆರೆದ, ಉದಾಹರಣೆ ಕೊಟ್ಟೆ. ಕೊನೆಗೆ ಅವನು ಕೈಯೊರೆಸಿಕೊಂಡು ಎರಡೇ ಶಬ್ದ ಹೇಳಿದ:

"ಮೀ ಇಷ್ಟಂ."

ನಿಮ್ಮಿಷ್ಟ! ನಾನು ಗೆದ್ದಿದ್ದೆ! ಮೂವತ್ತು ವರ್ಷದ ಅನುಭವವನ್ನು ಇಪ್ಪತ್ತು ನಿಮಿಷದಲ್ಲಿ ಸೋಲಿಸಿದ್ದೆ. ಗೆದ್ದದ್ದರ ಫಲವಾಗಿ ನಾನು ವಾದಿಸಿದ್ದೆಲ್ಲವನ್ನೂ ಅವನು ಒಂದು ಹನಿ ಬಿಡದೆ ನನ್ನ ಗಾಡಿಗೆ ತುಂಬಿದ.

ವೈಜ್ಞಾನಿಕ ಮನೋಭಾವದವಳಾದ್ದರಿಂದ ಪರೀಕ್ಷೆ ಮಾಡದೆ ಅಜ್ಜಿಯನ್ನು ಕೂರಿಸಲಿಲ್ಲ. ಹಿಂದಿನ ಸೀಟಿಗೆ ಅಕ್ಕಿಯ ಚೀಲ ಕಟ್ಟಿ, ಅದರಲ್ಲಿ ನೀರಿನ ತಂಬಿಗೆ ಹೂತು, ನಮ್ಮ ಗಲ್ಲಿಯಲ್ಲಿ ನಾಲ್ಕು ಸುತ್ತು ಹೊಡೆದೆ. ಒಂದು ಹನಿ ಚೆಲ್ಲಲಿಲ್ಲ! ಗಲ್ಲಿಗೆ ಹಿಂದಿನ ವಾರವಷ್ಟೇ ಹೊಸ ಸಿಮೆಂಟು ಹಾಕಿದ್ದರು, ಕೇರಂ ಬೋರ್ಡಿನಷ್ಟು ನುಣುಪು ಎಂಬ ಸಂಗತಿಯನ್ನು ನಾನು ಅಪ್ರಸ್ತುತ ಎಂದು ಬದಿಗಿಟ್ಟೆ.

ಸೋಮವಾರ ಬೆಳಿಗ್ಗೆ ಬಸ್ಯಾನಿಗಿಂತ ಹತ್ತು ನಿಮಿಷ ಮುಂಚೆ ಗೇಟಿನಲ್ಲಿ ಗಾಡಿ ನಿಲ್ಲಿಸಿದೆ.

"ಅಜ್ಜಿ, ಇವತ್ತೊಂದಿನ ನನ್ನ ಗಾಡ್ಯಾಗ ಬಾ. ಹೊಸಾ ಶಾಕಪ್ಪು ಹಾಕ್ಸೀನಿ. ಬರೇ ನಿನ್ನ ಸಲುವಾಗಿ."

ಅಜ್ಜಿ ತಂಬಿಗೆ ನೋಡಿಕೊಂಡಳು, ಅಷ್ಟರಲ್ಲಿ ಬಂದು ನಿಂತಿದ್ದ ಬಸ್ಯಾನ ಮುಖ ನೋಡಿದಳು. ಬಸ್ಯಾ "ಹೂಂ" ಅಂದ. ಅಜ್ಜಿ ಹತ್ತಿ ಕೂತು ನನ್ನ ಹೆಗಲ ಮೇಲೆ ಕೈ ಇಟ್ಟಳು. ಎಷ್ಟು ದಿನವಾಗಿತ್ತು! ನನಗೆ ಕಣ್ಣು ತುಂಬಿಬಂತು. ಕಣ್ಣು ತುಂಬಿದ್ದನ್ನು ಮರೆಮಾಚಲು ಮಾತು ಶುರುಮಾಡಿದೆ.

"ಅಜ್ಜಿ, ಒಂದ್ ಮಾತು ಹೇಳು. ಎಲ್ಲಾ ಕಡೆ ಅದಾನಂತೀಯಲ್ಲ ಶಿವ, ಹಂಗಾದ್ರ ಈ ಹಾಲಿನೊಳಗೂ ಇರಬೇಕಲ್ಲ? ಹಾಲಿಗೆ ಹಾಲು ಹಾಕಿದ್ರ ಯಾರಿಗೆ ಯಾರು..."

"ಮುಂದ ನೋಡವಾ."

ಗುಡಿಯ ದಾರಿಯಲ್ಲಿ ಒಂದು ದೊಡ್ಡ ಪ್ಲಾಂಟು ಇದೆ. ಅದರ ಗೇಟಿನ ಮುಂದೆ ರಸ್ತೆಗೆ ಅಡ್ಡಲಾಗಿ ಐದು ಸಣ್ಣ ಪಟ್ಟಿಗಳಿವೆ, ಅವು ದಾಟಿದರೆ ಒಂದು ದೊಡ್ಡ ಉಬ್ಬು. ಮೊದಲ ಪಟ್ಟಿಗೇ ನನ್ನ ಅಂಗೈಯಿಂದ ಹಲ್ಲಿನತನಕ ಒಂದು ತಂತಿ ಸಂದೇಶ ಹೋಯಿತು. ಶಾಕಪ್ಪು ಒಂದಿಷ್ಟೂ ತಗ್ಗಲಿಲ್ಲ. ಯಾದಗಿರಿ ಹೇಳಿದ ಹಾರೆಕೋಲೇ! ಎರಡು, ಮೂರು, ನಾಲ್ಕು, ಐದು. "ಯವ್ವಾ, ಯವ್ವಾ" ಎಂದು ಅಜ್ಜಿ ಹಿಂದಿನಿಂದ ಪ್ರತಿ ಪಟ್ಟಿಗೂ ಲೆಕ್ಕ ಹಾಕಿದಳು. "ಇದು ರಸ್ತೆಯ ದೋಷ ಅಜ್ಜಿ" ಎಂದು ವಿವರಿಸಲು ನಾನು ಹಿಂದೆ ತಿರುಗಿದೆ. ಉಬ್ಬು ಬಂದದ್ದು ಆಗ.

ಮುಂದಿನ ಗಾಲಿ ಉಬ್ಬನ್ನು ಹತ್ತಲಿಲ್ಲ, ಒದೆಯಿತು. ಸತ್ತ ಹಿಂದಿನ ಶಾಕಪ್ಪುಗಳು ಪೂರ್ತಿ ಕುಸಿದು, ಮರುಕ್ಷಣ ಅಜ್ಜಿಯನ್ನು ಗೇಣುದ್ದ ಮೇಲೆತ್ತಿದವು. ಅಜ್ಜಿ ಬೀಳಲಿಲ್ಲ, ಎರಡೂ ಕೈಯಿಂದ ನನ್ನ ತಲೆಯನ್ನು ಅಪ್ಪಿಕೊಂಡಳು. ಆ ಎರಡು ಕೈಗಳಲ್ಲಿ ಒಂದರಲ್ಲಿ ತಂಬಿಗೆ ಇತ್ತು.

ಹಾಲು ಹೆಲ್ಮೆಟ್ಟಿನ ನೆತ್ತಿಯಿಂದ ಇಳಿದು, ಕಿವಿಯ ಸಂದಿಯಲ್ಲಿ ಹಾದು, ಕುತ್ತಿಗೆಯ ಮೂಲಕ ಬೆನ್ನಿಗೆ ಹರಿಯಿತು. ನನ್ನ ಹೆಲ್ಮೆಟ್ಟು ಕಪ್ಪು, ನುಣುಪು, ಗುಂಡಗೆ. ಅದರ ನಡುನೆತ್ತಿಯ ಮೇಲೆ ಬಿಲ್ವಪತ್ರಿ ಯಾರೋ ಇಟ್ಟಂತೆ ಅಂಟಿ ಕೂತಿತ್ತು. ಗೇಟಿನ ಕಾವಲುಗಾರ ಓಡಿಬಂದವನು ನನ್ನನ್ನು ನೋಡಿ, ಅರೆಕ್ಷಣ ತಡೆದು, ಅಭ್ಯಾಸಬಲದಿಂದ ಕೈಮುಗಿದ!

"ಹಾಲು ದೇವರಿಗ್ಯಾಕ ಅಂತಿದ್ದೆಲ್ಲ" ಅಂದಳು ಅಜ್ಜಿ ಕೆಳಗಿಳಿದು, ಸೆರಗಿನಿಂದ ನನ್ನ ಮುಖ ಒರೆಸುತ್ತ. "ಈಗ ನಿನಗ ಆತು ನೋಡು."

ಅಷ್ಟರಲ್ಲಿ ಗಾಡಿಯ ಕೆಳಗೆ ಕಪ್ಪು ಕಲೆ ಹರಡುತ್ತಿತ್ತು. ನಾನು ವಾದಿಸಿ ಹೆಚ್ಚುವರಿ ತುಂಬಿಸಿದ್ದ ಆಯಿಲ್, ಜಾಗ ಸಾಲದೆ ಎರಡೂ ಕಡೆಯ ಸೀಲು ಹರಿದುಕೊಂಡು ಹೊರಬಂದಿತ್ತು. ಅಜ್ಜಿ ಸೊಂಟದಿಂದ ಫೋನು ತೆಗೆದು, "ಬಸ್ಯಾ, ಇನ್ನೊಂದ್ ತಂಬಿಗಿ ಹಾಲ್ ತಗೊಂಡ್ ಬಾರೋ" ಅಂದಳು. ಅವನು ಬಂದ. ನನ್ನನ್ನು ಅಡಿಯಿಂದ ಮುಡಿತನಕ ನೋಡಿದ. ನಗಲಿಲ್ಲ. ಅಜ್ಜಿಯನ್ನು ಕೂರಿಸಿಕೊಂಡು ಹೋದ. ನಾನು ಗಾಡಿ ತಳ್ಳಿಕೊಂಡು, ಹಾಲು ಒಣಗಿ ಬಿರುಸಾದ ಅಂಗಿಯಲ್ಲಿ, ಇಡೀ ಗಲ್ಲಿಯ ಮುಂದೆ ಮನೆಗೆ ಬಂದೆ.

ಶೆಡ್ಡಿನಲ್ಲಿ ಯಾದಗಿರಿ ಹಳೆಯ ಸ್ಪ್ರಿಂಗು ಹಾಕುತ್ತ, ನಾನು ಕೇಳದಿದ್ದರೂ ಹೇಳಿದ. ಬಸ್ಯಾನ ಶಾಕಪ್ಪಿಗೆ ಬಣ್ಣ ಹೊಡೆದವನು ಯಾದಗಿರಿಯೇ. ಒಳಗೆ ಕಂಪನಿಯದೇ ಸ್ಪ್ರಿಂಗು, ಕಂಪನಿಯದೇ ಆಯಿಲ್. ನನಗೆ ಅವತ್ತು ಹೇಳಬೇಕೆಂದು ಎರಡು ಸಲ ಬಾಯಿ ತೆರೆದಿದ್ದನಂತೆ.

ಆ ಸಂಜೆ ಅಜ್ಜಿಯ ಮುಂದೆ ಕೂತು ಕೇಳಿದೆ, "ಮತ್ತ ಅವನ ಗಾಡ್ಯಾಗ ಹಾಲು ಯಾಕ ಚೆಲ್ಲಂಗಿಲ್ಲ?"

ಅಜ್ಜಿ ಬತ್ತಿ ಹೊಸೆಯುತ್ತ ಹೇಳಿದಳು, "ಉಬ್ಬು ಬಂತಂದ್ರ ಅವ ಗಾಡಿ ಸಾವಕಾಶ ಮಾಡಿ 'ಅಜ್ಜಿ' ಅಂತಾನ. ನಾ ತಂಬಿಗಿ ಎತ್ತಿ ಹಿಡೀತೀನಿ. ಅಷ್ಟ."

"ಅಷ್ಟೇನಾ?"

"ಮತ್ತೇನು? ನೀನು ಉಬ್ಬು ಬಂದಾಗೂ ಹಿಂದ ತಿರುಗಿ ದೇವರು ಅದಾನೋ ಇಲ್ಲೋ ಅಂತ ನನ್ನ ಕೇಳ್ತಿರ್ತಿ. ನಂಗರ ಏನ್ ಗೊತ್ತು? ಗುಡಿಗೆ ಹೋಗಿ ನೋಡೂಣು ಅಂದ್ರ ನೀ ಮುಟ್ಟಸಂಗಿಲ್ಲ."

ಅಂದರೆ ದೋಷವಿದ್ದದ್ದು ಶಾಕಪ್ಪಿನಲ್ಲಿ ಅಲ್ಲ, ಹ್ಯಾಂಡಲ್ ಹಿಡಿದವಳ ಬಾಯಲ್ಲಿ. ಅದಕ್ಕೆ ಗಟ್ಟಿ ಸ್ಪ್ರಿಂಗು ಎಲ್ಲೂ ಸಿಗುವುದಿಲ್ಲ. ಹೊಟ್ಟೆಕಿಚ್ಚಿನ ಕುರಿತ ನನ್ನ ಆಕ್ಷೇಪವನ್ನೂ ಈ ಹಂತದಲ್ಲಿ ಹಿಂತೆಗೆದುಕೊಳ್ಳುತ್ತೇನೆ.

ಈ ಸೋಮವಾರ ಮತ್ತೆ ಗೇಟಿನಲ್ಲಿ ನಿಂತೆ. ಅಜ್ಜಿ ಆಗಲೇ ಬಸ್ಯಾನ ಹಿಂದೆ ಕೂತಿದ್ದಳು, ಕೈ ಅವನ ಹೆಗಲ ಮೇಲಿತ್ತು. ನಾನು ರಾತ್ರಿಯೆಲ್ಲ ಸಿದ್ಧಮಾಡಿದ್ದನ್ನು ಮಂಡಿಸಿದೆ: "ಅಜ್ಜಿ, ಮೊದಲನೇದು, ಹಿಂದಿನ ಶಾಕಪ್ಪು ಹೊಸಾವು ಹಾಕ್ಸೀನಿ. ಎರಡನೇದು, ಉಬ್ಬಿಗೊಮ್ಮೆ 'ಅಜ್ಜಿ' ಅಂತೀನಿ. ಮೂರನೇದು, ಮನುಷ್ಯ ಮೌನವಾಗಿರಲಾರ ಅನ್ನೋ ವಾದಕ್ಕ ಐದು ಖಂಡನೆ ಅದಾವು, ಒಂದೊಂದ ಹೇಳ್ತೀನಿ ಕೇಳು..." ಬಸ್ಯಾ ಕಿಕ್ ಹೊಡೆದ. ಬಂಗಾರದ ಶಾಕಪ್ಪು ಹೊಳೆಯುತ್ತ ಗಲ್ಲಿ ತಿರುಗಿತು. ನಾನು ಅದರ ಹಿಂದೆ ಓಡುತ್ತ ಕೂಗಿದೆ:

"ಅಜ್ಜೀ, ಮುಂದಿನ ಸೋಮವಾರ ಒಂದ್ ಮಾತೂ ಆಡಂಗಿಲ್ಲ ಅಂದ್ರ, ನನ್ನ ಗಾಡ್ಯಾಗ ಬರ್ತೀಯೇನು?"