ಕಬ್ಬಿನ ಟ್ರ್ಯಾಕ್ಟರೂ ಕಂಪ್ಯೂಟರಿನ ಪರೀಕ್ಷೆಯೂ

ನೀವು ನಂಬುವುದಿಲ್ಲ, ಬೇಕಾದರೆ ಪಂಥ ಕಟ್ಟಿ. ನಮ್ಮೂರು ಉಗಾರ ಖುರ್ದದಲ್ಲಿ ನನ್ನನ್ನು ನಂಬುವವರು ಮೊದಲೇ ಯಾರೂ ಇಲ್ಲ. ಕೊಗನೊಳ್ಳಿಯ ಗಡಿಯಲ್ಲಿ ಬಸ್ಸು ನಿಂತಾಗ, "ಮುಂದಿನ ಗಾಲಿ ಮಹಾರಾಷ್ಟ್ರದಾಗೈತಿ, ಅರ್ಧಾ ಟಿಕೀಟ ಮರಾಠಿಯೊಳಗ ಹರೀರಿ" ಎಂದು ಕಂಡಕ್ಟರನೊಡನೆ ಜಗಳ ತೆಗೆದವನು ನಾನು. ಆದರೂ ಹೇಳುತ್ತೇನೆ: ನಮ್ಮೂರ ಕಬ್ಬಿನ ಟ್ರ್ಯಾಕ್ಟರಿನಿಂದಾಗಿ ಫಿನ್‌ಲೆಂಡಿನ ಗಣಿತಜ್ಞೆಯೊಬ್ಬಳು ತಲೆ ಕೆರೆದುಕೊಂಡಳು, ನನ್ನ ಮೀಸೆ ಅಪಾಯಕ್ಕೆ ಬಿತ್ತು.

ಗಣಿತದ ಮಾಸ್ತರಿಕೆಯಿಂದ ನಿವೃತ್ತನಾದ ಮೇಲೆ ಒಂದು ಗಣಿತದ ಸಾಫ್ಟ್‌ವೇರಿಗೆ ಕೈ ಹಾಕಿದೆ. ಜಗತ್ತಿನ ಯಾರು ಬೇಕಾದರೂ ತಿದ್ದಲು ಬಿಟ್ಟಿರುವ ಪುಕ್ಕಟೆ ಸಾಫ್ಟ್‌ವೇರು. ಅದರ ಕೈಪಿಡಿಯ ತುಂಬ ಉದಾಹರಣೆಗಳು: ಹೀಗೆ ಕೇಳಿದರೆ ಹೀಗೆ ಉತ್ತರ ಬರುತ್ತದೆ ಎಂದು. ಕಂಪ್ಯೂಟರು ಆ ಪ್ರಶ್ನೆಗಳನ್ನು ತಾನೇ ಬಿಡಿಸಿ, ಬರೆದಿಟ್ಟ ಉತ್ತರದೊಡನೆ ತಾಳೆ ನೋಡುತ್ತದೆ. ಹೊಂದದಿದ್ದರೆ ಫೇಲು. ಜೀವನವಿಡೀ ಮಕ್ಕಳನ್ನು ಫೇಲು ಮಾಡಿದ ನಾನು ಅಲ್ಲಿ ಸಲೀಸಾಗಿ ಫೇಲಾದೆ.

ಆದದ್ದಿಷ್ಟು. ಅತಿ ಹತ್ತಿರದ ದಾರಿ ಹುಡುಕುವ ಆಜ್ಞೆಯೊಂದಕ್ಕೆ ಉದಾಹರಣೆ ಬೇಕಿತ್ತು. ನಾನು ನಮ್ಮ ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿ, ನಿಪ್ಪಾಣಿಗಳನ್ನೇ ಇಟ್ಟು, ನಡುವಿನ ಕಿಲೋಮೀಟರು ತುಂಬಿಸಿ, ಅಥಣಿಯಿಂದ ನಿಪ್ಪಾಣಿಗೆ ದಾರಿ ಯಾವುದು ಎಂದು ಕೇಳಿದೆ. ಉತ್ತರವನ್ನೂ ನಾನೇ ಬರೆದುಬಿಟ್ಟೆ: ಕಾಗವಾಡದ ಮೇಲೆ. ಹುಟ್ಟಿದ ಸೀಮೆಯ ದಾರಿಯನ್ನು ಯಂತ್ರಕ್ಕೆ ಕೇಳಬೇಕೇ? ಆಮೇಲೆ ಪಂಕ್ಚರ್ ಅಂಗಡಿಯ ನನ್ನ ಗೆಳೆಯ ದಸ್ತಗೀರನ ಮುಂದೆ, ಈ ಉದಾಹರಣೆ ಒಪ್ಪಿಗೆಯಾಗಿ ಜಗತ್ತಿನ ಗಣಿತಜ್ಞರ ಸಾಲಿನಲ್ಲಿ ನನ್ನ ಹೆಸರು ಬರದಿದ್ದರೆ ಮೀಸೆ ಬೋಳಿಸುತ್ತೇನೆ ಎಂದು ಕೊಚ್ಚಿಕೊಂಡೆ.

ಪರೀಕ್ಷೆ ಫೇಲು. ಯಂತ್ರ ರಾಯಬಾಗದ ಮೇಲೆ ಹೋಗಿತ್ತು. ಕೆಲಸ ಪರಿಶೀಲಿಸುವ ಫಿನ್‌ಲೆಂಡಿನ ಹೆಂಗಸು, "ನಿಮ್ಮ ದಾರಿ ದೂರದ್ದಲ್ಲವೇ?" ಎಂದು ಬರೆದಳು. "ತಾಯಿ, ಈಗ ಕಬ್ಬಿನ ಹಂಗಾಮು. ಉಗಾರ ದಾಟಿ ರಾಯಬಾಗಕ್ಕೆ ಹೋದರೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರಿನ ಹಿಂದೆ ತೆವಳಬೇಕು" ಎಂದು ಉತ್ತರಿಸಿದೆ. "ಹಾಗಾದರೆ ಟ್ರ್ಯಾಕ್ಟರುಗಳನ್ನೂ ಲೆಕ್ಕಕ್ಕೆ ಸೇರಿಸಿ" ಎಂದಳು.

ಸೇರಿಸಲು ದಸ್ತಗೀರನ ಬೈಕಿನ ಹಿಂದೆ ಕೂತು ಹೊರಟೆ. ಟ್ರ್ಯಾಕ್ಟರಿನ ಡ್ರೈವರು ಹಾಡು ಜೋರಾಗಿ ಹಾಕಿಕೊಂಡಿದ್ದ, ನಮ್ಮ ಹಾರ್ನು ಅವನಿಗೆ ತಾಳದಂತೆ ಕೇಳಿಸಿರಬೇಕು. ನಾನು ಒಂದು ಕೈಯಲ್ಲಿ ಗಡಿಯಾರ ಹಿಡಿದು, ಇನ್ನೊಂದರಿಂದ ಟ್ರೇಲರಿನ ಕಬ್ಬು ಎಳೆದೆ.

"ಏನೋ ಮಾಸ್ತರ, ಗಣಿತ ಹಿಂಗ ಮಾಡ್ತಾರೇನು?" ಎಂದ ದಸ್ತಗೀರ.

"ಸುಮ್ನ ಹೊಡೀಲೇ, ಸಂಶೋಧನಾ ನಡದೈತಿ."

"ಸಂಶೋಧನಾ ಅಂತ! ಹಂಗಾಮ ಮುಗದ ಮ್ಯಾಲ ಟ್ರ್ಯಾಕ್ಟರ್ ಎಲ್ಲಿರ್ತಾವಲೇ? ಆಗ ನಿನ್ನ ಉತ್ತರ ಸುಳ್ಳ ಆತಲ್ಲ!"

ಅವನ ಮಾತು ಸರಿಯೇ ಇತ್ತು. ಕೈಪಿಡಿಯಲ್ಲಿ ಹಂಗಾಮಿಗೆ ಜಾಗವಿಲ್ಲ. ಆದರೆ ಒಂದು ಕಿಂಡಿ ಇತ್ತು. ಉದಾಹರಣೆಯ ಪಕ್ಕದಲ್ಲಿ 'ಬಹಳ ಹೊತ್ತು ಹಿಡಿಯುತ್ತದೆ' ಎಂಬ ಗುರುತು ಹಾಕಿದರೆ ಮಾಮೂಲಿ ಪರೀಕ್ಷೆಯಲ್ಲಿ ಕಂಪ್ಯೂಟರು ಅದನ್ನು ಮುಟ್ಟುವುದೇ ಇಲ್ಲ. ಟ್ರ್ಯಾಕ್ಟರಿನ ಹಿಂದೆ ಹೋದವರು ಯಾರೂ ಆ ಗುರುತನ್ನು ಸುಳ್ಳೆನ್ನಲಾರರು. ಹಾಕಿದೆ. ಎಲ್ಲ ಪಾಸು! ಮೀಸೆ ತಿರುವುತ್ತ ದಸ್ತಗೀರನ ಅಂಗಡಿಗೆ ಹೋದೆ. ಅಲ್ಲಿರುವಾಗಲೇ ಆ ಹೆಂಗಸಿನ ಉತ್ತರ ಬಂತು: "ಅದ್ಭುತ, ಒಪ್ಪಿದೆ."

ಇಷ್ಟೂ ಕತೆಯಲ್ಲಿ ನಾನು ಸುಳ್ಳು ಹೊಸೆದದ್ದು ಒಂದೇ, ಆ ಉತ್ತರ. ಆಕೆ ನಿಜವಾಗಿ ಬರೆದದ್ದು: "ಪರೀಕ್ಷೆಗೇ ಕೂರದವನನ್ನು ನಿಮ್ಮೂರಲ್ಲಿ ಪಾಸು ಮಾಡುತ್ತಾರೆಯೇ?" ದಸ್ತಗೀರ ಖುಷಿಯಿಂದ ತಾನೇ ಕನ್ನಡಿ ಹಿಡಿದ. ಮೀಸೆ ಹೋದ ಮೇಲೆ ಹತ್ತು ವರ್ಷ ಚಿಕ್ಕವನಾಗಿ ಮನೆಗೆ ಬಂದು ಕದ ತಟ್ಟಿದೆ. ಹೆಂಡತಿ ಅರ್ಧ ತೆರೆದು, ಮೇಲಿಂದ ಕೆಳಗೆ ನೋಡಿ, "ಮಾಸ್ತರು ಮನ್ಯಾಗಿಲ್ರಿ" ಎಂದು ಮುಚ್ಚಿಕೊಂಡಳು.